ಅಡುಗೆಮನೆ ಪ್ರಶ್ನೆ: ನೆಂಟರು ಬಂದ ದಿನವೇ ಅನ್ನ ಮುದ್ದೆ ಯಾಕೆ?

ಪ್ರಶ್ನೆ: ನಮ್ಮದು ಭದ್ರಾ ನಾಲೆ ನೀರಿನ ಗದ್ದೆ. ಸ್ವಂತ ಬೆಳೆದ ಸೋನಾ ಮಸೂರಿ ಉಣ್ಣುತ್ತೇವೆ. ಮನೆಯಲ್ಲಿ ಇಬ್ಬರೇ ಇದ್ದಾಗ ಪಾತ್ರೆಯಲ್ಲಿ ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು ಇಡುತ್ತೇನೆ. ಅನ್ನ ಚೆನ್ನಾಗಿ ಅರಳುತ್ತದೆ. ನೆಂಟರು ಬಂದರೆ ನಾಲ್ಕು ಲೋಟಕ್ಕೆ ಹತ್ತು ಲೋಟ. ಆಗ ಮುದ್ದೆ! ಯಾಕೆ?
– ಓದುಗರು, ಮಲೇಬೆನ್ನೂರು

ಉತ್ತರ: ಅಕ್ಕಿಯನ್ನು ಬೈಯಬೇಡಿ, ಗುಣಾಕಾರ ತಪ್ಪಿದೆ. ಒಲೆ ಮೇಲಿನ ನೀರಿಗೆ ಎರಡು ದಾರಿ. ಒಂದಿಷ್ಟನ್ನು ಅಕ್ಕಿ ಕುಡಿಯುತ್ತದೆ, ಉಳಿದದ್ದು ಆವಿಯಾಗಿ ಹೋಗುತ್ತದೆ. ಒಂದು ಲೋಟ ಅಕ್ಕಿ ಮೆತ್ತಗೆ ಬೇಯಲು ಕುಡಿಯುವುದು ಸುಮಾರು ಒಂದೂವರೆ ಲೋಟ. ನಿಮ್ಮ ಇನ್ನೊಂದು ಲೋಟ ಆವಿಯ ಪಾಲು. ಅಕ್ಕಿ ನಾಲ್ಕು ಪಟ್ಟಾದರೆ ಕುಡಿಯುವ ನೀರೂ ನಾಲ್ಕು ಪಟ್ಟಾಗುತ್ತದೆ, ಅಂದರೆ ಆರು ಲೋಟ. ಆದರೆ ಆವಿ ಹಾಗಲ್ಲ. ಅದು ಪಾತ್ರೆಯ ಬಾಯಿ, ಉರಿ, ಮುಚ್ಚಳ, ಬೇಯುವ ಹೊತ್ತು ನೋಡಿ ಹೋಗುತ್ತದೆ. ಒಂದೂವರೆ ಲೋಟ ಹೋದರೆ ಜಾಸ್ತಿ. ಹಾಗಾಗಿ ನಾಲ್ಕು ಲೋಟಕ್ಕೆ ಏಳೂವರೆಯಿಂದ ಶುರು ಮಾಡಿ. ನೀವು ಹತ್ತು ಸುರಿದರೆ ಮಿಕ್ಕ ನೀರು ಎಲ್ಲಿಗೆ ಹೋಗಬೇಕು ಹೇಳಿ?

ದಾವಣಗೆರೆಯ ವಿದ್ಯಾನಗರದಲ್ಲಿ ಹುಡುಗರ ಮೆಸ್ ನಡೆಸುತ್ತಿದ್ದಾಗ ನನ್ನ ಅತ್ತೆ ಲೋಟವನ್ನೇ ಮುಟ್ಟುತ್ತಿರಲಿಲ್ಲ. ಅಕ್ಕಿ ಸಮ ಮಾಡಿ, ಮೇಲೆ ಬೆರಳಿಟ್ಟು, ಮೊದಲ ಗೆಣ್ಣು ಮುಳುಗುವಷ್ಟು ನೀರು ಬಿಡುತ್ತಿದ್ದರು. ಸುಮ್ನೆ ಅಂದಾಜು ಅಂತ ನಗಬೇಡಿ. ಅಕ್ಕಿಯ ಜೊತೆ ನಿಂತ ನೀರು ಅಕ್ಕಿ ಏರಿದಂತೆ ಏರುತ್ತದೆ, ಗೆಣ್ಣಿನ ಎತ್ತರದ್ದು ಅಷ್ಟೇ ಇರುತ್ತದೆ. ಆವಿಯ ಲೆಕ್ಕ ಅಲ್ಲೇ ಬಂತು, ಅಲ್ವಾ? ಆದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಇಟ್ಟು ಗೆಣ್ಣು ಅಳೆದರೆ ಗಂಜಿಯೇ ಗತಿ.

ಇನ್ನೊಂದು ಮಾತು. ಮನೆ ಗದ್ದೆಯದು ಅಂದಿರಿ, ಕೊಯ್ದು ಎಷ್ಟು ದಿನ ಆಯಿತು? ಬೇಸಿಗೆ ಬೆಳೆಯನ್ನು ಮೇ ತಿಂಗಳಲ್ಲಿ ಕೊಯ್ದು ಕೂಡಲೇ ಮಿಲ್ಲಿಗೆ ಹಾಕಿಸಿದ ಅಕ್ಕಿಯಾದರೆ ಅಂಟು ಜಾಸ್ತಿ. ಲೋಟಕ್ಕೆ ಕಾಲು ಲೋಟ ನೀರು ಕಡಿಮೆ ಮಾಡಿ. ಕೆಲವು ತಿಂಗಳು ಇಟ್ಟರೆ ಕಾಳು ಗಟ್ಟಿಯಾಗುತ್ತದೆ. ಆಮೇಲೆ ಅದೇ ಅಕ್ಕಿ ಜಾಸ್ತಿ ನೀರು ಕುಡಿದು ಉದುರುದುರಾಗಿ ಅರಳುತ್ತದೆ. ಅಂಗಡಿಯವರು ಹಳೆ ಅಕ್ಕಿಗೆ ರೇಟು ಏರಿಸುವುದು ಸುಮ್ಮನೆ ಅಲ್ಲ. ನೆನೆಸಿಡುವ ಅಭ್ಯಾಸ ಇದ್ದರೆ ನೆನೆದ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಸಿದು ಹೊಸ ನೀರು ಹಾಕುವಾಗ ತುಸು ಕಡಿಮೆ ಸಾಕು.

ಪ್ರಶ್ನೆ: ಬೋರ್‌ವೆಲ್ ನೀರಲ್ಲಿ ಅನ್ನ ಹಳದಿ ಆಗುತ್ತದೆ. ಅಕ್ಕಿ ಕಲಬೆರಕೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ಅಕ್ಕಿಯ ಮೇಲೆ ಅನುಮಾನ ಪಡುವ ಮೊದಲು ನೀರು ನೋಡಿ. ಕ್ಷಾರ ಇರುವ ನೀರಲ್ಲಿ ಕುದಿದರೆ ಅನ್ನಕ್ಕೆ ಹಳದಿ ಛಾಯೆ ಬರುತ್ತದೆ. ಅರ್ಧ ಚಮಚ ನಿಂಬೆರಸ ಹಾಕಿ, ಬೆಳ್ಳಗಾಗುತ್ತದೆ. ಆದರೆ ನಿಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಕಾಟವೂ ಇದೆ. ಅದು ನಿಂಬೆಗೂ ಬಗ್ಗಲ್ಲ, ಕುದಿಸಿದರೂ ಹೋಗಲ್ಲ. ಅನ್ನ ಆ ನೀರನ್ನೇ ಕುಡಿಯುವುದಲ್ವಾ? ಕುಡಿಯಲು ತರುವ ಶುದ್ಧ ನೀರಿನ ಘಟಕದ ಕ್ಯಾನಿನಿಂದಲೇ ಅನ್ನಕ್ಕೂ ಬಗ್ಗಿಸಿ. ಅಕ್ಕಿ ತೊಳೆಯಲು ಬೋರ್ ನೀರು ನಡೆಯುತ್ತದೆ.

ಪ್ರಶ್ನೆ: ಹೊಸ ಎಲೆಕ್ಟ್ರಿಕ್ ಕುಕ್ಕರ್. ಒಳಗಿನ ಗೆರೆವರೆಗೆ ನೀರು ಹಾಕಿದರೂ ಅನ್ನ ಗಟ್ಟಿ.
– ಓದುಗರು, ಹರಿಹರ

ಉತ್ತರ: ಅಕ್ಕಿ ಅಳೆದದ್ದು ಮನೆಯ ಸ್ಟೀಲ್ ಲೋಟದಲ್ಲಿ ತಾನೆ? ಆ ಗೆರೆ ಕುಕ್ಕರ್ ಜೊತೆ ಬಂದ ಪ್ಲಾಸ್ಟಿಕ್ ಲೋಟಕ್ಕೆ. ಸಾಮಾನ್ಯವಾಗಿ ಅದು 180 ಮಿಲಿ ಹಿಡಿಯುತ್ತದೆ, ನಿಮ್ಮದು ಅದಕ್ಕಿಂತ ದೊಡ್ಡದಿರಬೇಕು. ಆ ಲೋಟ ಎಸೆದಿದ್ದರೆ 180 ಮಿಲಿ ನೀರು ಅಳೆದು ಸ್ಟೀಲ್ ಲೋಟಕ್ಕೆ ಹಾಕಿ, ಅದು ನಿಂತ ಮಟ್ಟಕ್ಕೆ ಗುರುತು ಮಾಡಿಕೊಳ್ಳಿ. ಹಳೆ ಅಕ್ಕಿಯಾದರೆ ಗೆರೆಗಿಂತ ಸ್ವಲ್ಪ ಮೇಲೆ ಇರಲಿ.