ಒಂದೇ ನಡಿಗೆ, ಎರಡು ಮನಸ್ಥಿತಿ: ಜೀನ್ ಕಾರಣವೇ?

ಪ್ರಶ್ನೆ: ನಾನು, ಅಕ್ಕ ಒಟ್ಟಿಗೆ ಅರ್ಧ ಗಂಟೆ ಬಿರುಸಾಗಿ ನಡೆಯುತ್ತೇವೆ. ಮುಗಿಸುವ ಹೊತ್ತಿಗೆ ಅವಳ ಮನಸ್ಸು ಹಗುರ. ನನಗೆ ಬರೀ ಸುಸ್ತು, ಕಿರಿಕಿರಿ. ಇದಕ್ಕೆ ಜೀನ್ ಕಾರಣವೇ? ಪರೀಕ್ಷೆ ಮಾಡಿಸಲೇ?

ಉತ್ತರ: ಪರೀಕ್ಷೆಗೆ ದುಡ್ಡು ಹಾಕಬೇಡಿ. ಜೀನ್‌ಗಳ ಪಾಲು ಇರಬಹುದು. ಒಡಹುಟ್ಟಿದವರಲ್ಲೂ ಸರಾಸರಿ ಅರ್ಧದಷ್ಟು ಮಾತ್ರ ಹೊಂದಿಕೆಯಾಗುತ್ತವೆ. ಆದರೆ ಒಂದು ನಡಿಗೆ ನಿಮ್ಮ ಮನಸ್ಸಿಗೆ ಏನು ಮಾಡುತ್ತದೆಂದು ಮೊದಲೇ ಹೇಳುವ ಬಲ ಯಾವ ಒಂಟಿ ಜೀನ್‌ಗೂ ಇಲ್ಲ.

ಹೆಚ್ಚು ಶೋಧಿಸಿರುವುದು 11ನೇ ಕ್ರೋಮೋಸೋಮಿನ ಬಿಡಿಎನ್ಎಫ್ ಜೀನನ್ನು. ನರಕೋಶಗಳ ನಂಟನ್ನು ಗಟ್ಟಿಮಾಡುವ ಪ್ರೋಟೀನ್ ತಯಾರಾಗುವುದು ಇದರಿಂದ. ಆ ಪ್ರೋಟೀನಿನ ಪೂರ್ವರೂಪದ 66ನೇ ಸ್ಥಾನದಲ್ಲಿ ಕೆಲವರಿಗೆ ವ್ಯಾಲೀನ್ ಎಂಬ ಅಮೈನೋ ಆಮ್ಲದ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು) ಬದಲು ಮೆಥಿಯೊನೀನ್ ಎಂಬ ಇನ್ನೊಂದು ಇರುತ್ತದೆ; ಅಂಥವರಲ್ಲಿ ನರಕೋಶ ಚುರುಕಾದಾಗ ಹೊರಬೀಳುವ ಪ್ರೋಟೀನ್ ಕಡಿಮೆ. ಬೆವರು ಬರುವಂಥ ವ್ಯಾಯಾಮದ ಬೆನ್ನಿಗೇ ರಕ್ತದಲ್ಲಿ ಇದರ ಮಟ್ಟ ಏರುವುದರಿಂದ ಸಂಶಯ ಇದರ ಮೇಲೆ ಬಿದ್ದದ್ದು ಸಹಜ. ಹುರುಪಿಗೆ ನಂಟಿರುವ ಮಿದುಳಿನ ರಾಸಾಯನಿಕ ಡೋಪಮೀನನ್ನು ಒಡೆಯುವ ಕಿಣ್ವದ ಕಾಮ್ಟ್ ಜೀನ್ ಇನ್ನೊಂದು. ಎರಡರ ಮೇಲೂ ನಡೆದ ಅಧ್ಯಯನಗಳಲ್ಲಿ ಬಹುಪಾಲು ಸಣ್ಣವು, ಫಲಿತಾಂಶಗಳು ತಾಳೆಯಾಗಿಲ್ಲ.

ನಿಮ್ಮ ವಿಷಯದಲ್ಲಿ ಮೊದಲು ನೋಡಬೇಕಾದದ್ದು ವೇಗ. ಏದುಸಿರು ಶುರುವಾಗುವ ಮಿತಿ ದಾಟಿದರೆ ಹೆಚ್ಚಿನವರಿಗೆ ಮನಸ್ಸು ಕುಗ್ಗುತ್ತದೆ. ಅಕ್ಕನಿಗೆ ಸಲೀಸಾದ ವೇಗ ನಿಮ್ಮ ಮಿತಿಯನ್ನು ಮೀರಿರಬಹುದು. (ದಮ್ಮಿನಲ್ಲೂ ವಂಶದ ಪಾಲು ದೊಡ್ಡದು, ಜೀನ್‌ಗಳ ಪ್ರಭಾವ ಈ ದಾರಿಯಲ್ಲೂ ಬರುತ್ತದೆ.) ಒಂದು ಪೂರ್ತಿ ವಾಕ್ಯ ಆಡಲು ಆಗಬೇಕು, ಹಾಡಲು ಆಗಬಾರದು, ಅದೇ ನಿಮ್ಮ ಹದ.

ಒಬ್ಬರೇ ಹೀಗೆ ಪರೀಕ್ಷಿಸಿ: 5 ನಿಮಿಷ ನಿಧಾನ, 20 ನಿಮಿಷ ಆ ಹದದಲ್ಲಿ, ಮತ್ತೆ 5 ನಿಮಿಷ ನಿಧಾನ. ಮನಸ್ಸಿಗೆ −5ರಿಂದ +5ರವರೆಗೆ ಅಂಕ ಕೊಡಿ: ಹೊರಡುವ ಮುಂಚೆ, ನಡುವೆ, ನಿಂತ ಕೂಡಲೇ, 20 ನಿಮಿಷ ಕಳೆದು. ಆರು ದಿನ ನಡೆಯಿರಿ, ನಡುನಡುವೆ ಆರು ದಿನ ಅದೇ ಹೊತ್ತಿನಲ್ಲಿ ಸುಮ್ಮನೆ ಕುಳಿತು ಅಂಕ ಬರೆಯಿರಿ. ಕೂತ ದಿನಗಳ ಲೆಕ್ಕ ಬಿಟ್ಟರೆ ಬರೀ ವಿರಾಮದ ಸುಖವೂ ನಡಿಗೆಯ ಖಾತೆಗೇ ಸೇರಿಬಿಡುತ್ತದೆ. ನಿದ್ದೆಗೆಟ್ಟ ದಿನ, ಹಸಿದ ಹೊಟ್ಟೆ, ಆಗಷ್ಟೇ ಕುಡಿದ ಕಾಫಿ ಅಂಕ ಕೆಡಿಸುತ್ತವೆ, ಅವನ್ನೂ ಗುರುತಿಸಿಡಿ.

ನಡುವೆ ಇಳಿದು ಕೊನೆಗೆ ಏರಿದರೆ ವೇಗ ತಗ್ಗಿಸಿ. ಎಲ್ಲೂ ಏರದಿದ್ದರೆ ಸೈಕಲ್ಲೋ ಈಜೋ ಹಿಡಿದು ಮತ್ತೆ ಅಳೆಯಿರಿ. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ, ಇಲ್ಲವೇ ಬೇಸರ ಎರಡು ವಾರ ಬಿಡದೆ ಕಾಡಿದರೆ ವೈದ್ಯರನ್ನು ಕಾಣಿ.