ಶೇಕಡಾ ನೂರು ದಾಟಿದ್ದು ಹೇಗೆ?

ಓದುಗರ ಪತ್ರ: ಲಸಿಕೆ ಅಭಿಯಾನದ ಬಗ್ಗೆ ಬರೆಯುತ್ತಾ, ಕೆಲವೆಡೆ ಸಾಧನೆ ಶೇ. 100 ದಾಟುತ್ತದೆ ಎಂದಿದ್ದೀರಿ. ಇರುವ ಮಕ್ಕಳಿಗಿಂತ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕುವುದು ಹೇಗೆ ಸಾಧ್ಯ? ಲಕ್ಷಾಂತರ ಮಕ್ಕಳ ವರದಿಯನ್ನು ಅನುಮಾನಿಸುವ ನೀವು 210 ಮಕ್ಕಳ ಸಮೀಕ್ಷೆಯನ್ನು ಮಾತ್ರ ನಂಬುತ್ತೀರಿ. ಇದ್ಯಾವ ನ್ಯಾಯ? ರಕ್ತ ಪರೀಕ್ಷೆ ಮಾಡಿಸಿಬಿಟ್ಟರೆ ಗೊಂದಲವೇ ಇರುವುದಿಲ್ಲವಲ್ಲ?

ಸಂಪಾದಕರ ಉತ್ತರ: ತಕರಾರು ಇರುವುದು ಛೇದದಲ್ಲಿ. ಎಷ್ಟು ಡೋಸ್ ಹಾಕಿದರು ಎಂಬುದು ಟ್ಯಾಲಿ ಹಾಳೆಯಲ್ಲಿ ಗೀಟು ಗೀಟಾಗಿ ದಾಖಲಾಗುತ್ತದೆ. ಲಸಿಕೆ ಪಡೆಯಬೇಕಾದ ವಯಸ್ಸಿನ ಮಕ್ಕಳು ಒಟ್ಟು ಎಷ್ಟಿದ್ದಾರೆ ಎಂಬುದನ್ನು ಮಾತ್ರ ಬಹಳ ಕಡೆ ಯಾರೂ ಎಣಿಸಿರುವುದಿಲ್ಲ. ಹಳೆಯ ಜನಗಣತಿಗೆ ಬೆಳವಣಿಗೆಯ ದರ ಸೇರಿಸಿ ಅಂದಾಜು ಮಾಡಿರುತ್ತಾರೆ. ಒಂದು ಲೆಕ್ಕ ನೋಡಿ. ಅಂದಾಜಿನ ಪ್ರಕಾರ ಮಕ್ಕಳು 1,000, ನಿಜಕ್ಕೂ ಇರುವವರು 1,300, ಲಸಿಕೆ ಪಡೆದವರು 1,040 ಎಂದಿಟ್ಟುಕೊಳ್ಳಿ. ವರದಿಯಲ್ಲಿ ಸಾಧನೆ ಶೇ. 104. ವಾಸ್ತವದಲ್ಲಿ ಶೇ. 80. ಯಾರೂ ಸುಳ್ಳು ಬರೆದಿಲ್ಲ, ಆದರೂ 260 ಮಕ್ಕಳು ಕಾಗದದಿಂದಲೇ ಮಾಯ. ಪಕ್ಕದ ಊರಿನ ಮಕ್ಕಳು, ವಯಸ್ಸು ಮೀರಿದವರು ಸರತಿಯಲ್ಲಿ ಸೇರಿಕೊಂಡರೆ ಅಂಕಿ ಇನ್ನಷ್ಟು ಉಬ್ಬುತ್ತದೆ. ಶೇ. 100 ದಾಟಿದರೆ ಕನಿಷ್ಠ ಯಾರಿಗಾದರೂ ಸಂಶಯ ಬರುತ್ತದೆ. ಅದೇ ತಪ್ಪಿನಿಂದ ಶೇ. 95 ಬಂದರೆ ಚಪ್ಪಾಳೆ ಬೀಳುತ್ತದೆ!

ಸಮೀಕ್ಷೆಯನ್ನು ನಂಬುವುದಕ್ಕೆ ಕಾರಣ ಅದಕ್ಕೆ ಈ ಅಂದಾಜಿನ ಹಂಗು ಅಷ್ಟಾಗಿ ಇಲ್ಲ ಎಂಬುದು. ಮನೆಗೆ ಹೋಗಿ, ಇರುವ ಮಗುವನ್ನು ನೋಡಿ, ಲಸಿಕೆ ಆಗಿದೆಯೇ ಎಂದು ಕೇಳುತ್ತಾರೆ. 210 ಎಂಬ ಸಂಖ್ಯೆಗೂ ಲೆಕ್ಕವಿದೆ. ಉತ್ತರ ಶೇಕಡಾ ಹತ್ತು ಅಂಶ ಆಚೀಚೆ ಇದ್ದರೂ ಸಾಕು ಎಂದುಕೊಂಡರೆ, ಚದುರಿದಂತೆ ಆರಿಸಿದ 96 ಮಕ್ಕಳು ಸಾಕು. ಆದರೆ ಒಂದೇ ಕೇರಿಯ ಮಕ್ಕಳ ಸ್ಥಿತಿ ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ. ಆರೋಗ್ಯ ಕಾರ್ಯಕರ್ತೆ ಬಂದಿದ್ದರೆ ಹೆಚ್ಚುಕಡಿಮೆ ಎಲ್ಲರಿಗೂ ಆಗಿರುತ್ತದೆ, ಬರದಿದ್ದರೆ ಯಾರಿಗೂ ಇಲ್ಲ. ಅದಕ್ಕೇ ಸಂಖ್ಯೆಯನ್ನು ದುಪ್ಪಟ್ಟು ಮಾಡಿದರು: 192. ಮೂವತ್ತು ಊರು, ಊರಿಗೆ ಏಳು ಮಕ್ಕಳು ಎಂದು ಹಂಚಿದಾಗ 210. ವಿಶ್ವ ಆರೋಗ್ಯ ಸಂಸ್ಥೆ 1974ರಲ್ಲಿ ಆರಂಭಿಸಿದ ಲಸಿಕಾ ಕಾರ್ಯಕ್ರಮದ ಜೊತೆಗೆ ಈ ವಿಧಾನ ದೇಶದೇಶಗಳಿಗೆ ಹಬ್ಬಿತು.

ಹಾಗೆಂದು ಅದು ದೋಷವಿಲ್ಲದ್ದಲ್ಲ. ಮೊದಲ ಮನೆ ಸಿಕ್ಕ ಮೇಲೆ ಪಕ್ಕದ ಮನೆ, ಅದರ ಪಕ್ಕದ ಮನೆ ಎಂದು ಏಳು ಮಕ್ಕಳು ಸಿಗುವವರೆಗೆ ಹೋಗುವುದು ಹಳೆಯ ಪದ್ಧತಿ. ಬೀಗ ಹಾಕಿದ ಮನೆ ಕಂಡರೆ ಮುಂದಕ್ಕೆ. ಕೂಲಿಗೆ ಹೋದವರ ಮನೆಗೇ ಬೀಗ ಬಿದ್ದಿರುವುದು ಹೆಚ್ಚು, ಲಸಿಕೆ ತಪ್ಪಿಸಿಕೊಂಡಿರುವ ಮಗು ಅಲ್ಲೇ ಇರುವ ಸಂಭವವೂ ಹೆಚ್ಚು. ಹಾಗಾಗಿ ಸಂಸ್ಥೆಯ 2018ರ ಕೈಪಿಡಿ ಎಲ್ಲ ಮನೆಗಳನ್ನೂ ಮೊದಲು ಪಟ್ಟಿ ಮಾಡಿ, ಆರಿಸಿದ ಮನೆಗೇ ಮತ್ತೆ ಮತ್ತೆ ಹೋಗಿ ಎನ್ನುತ್ತದೆ. ಖರ್ಚು ಜಾಸ್ತಿ, ನಿಜ.

ಇನ್ನು ಪುರಾವೆ. ಕಾರ್ಡ್ ಇದ್ದರೆ ಸರಿ, ಇಲ್ಲದಿದ್ದರೆ ತಾಯಿಯ ನೆನಪೇ ಗತಿ. ನಾಲ್ಕಾರು ಚುಚ್ಚುಮದ್ದುಗಳಲ್ಲಿ ಅಭಿಯಾನದ್ದು ಯಾವುದು ಎಂದು ಆಕೆಯಾದರೂ ಹೇಗೆ ಹೇಳಿಯಾಳು? ಪೋಲಿಯೊ ಹನಿ ಹಾಕಿದ ಮೇಲೆ ಕಿರುಬೆರಳಿಗೆ ಶಾಯಿ ಹಚ್ಚುವುದು ಈ ಕಾರಣಕ್ಕೇ. ಶಾಯಿ ಮಾಸುವ ಮೊದಲೇ 60 ಮಕ್ಕಳ ಬೆರಳು ನೋಡುತ್ತಾರೆ. ಗುರುತಿಲ್ಲದವರು ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಪ್ರದೇಶ ಪಾಸು. ಕಾರ್ಖಾನೆಯ ಸರಕು ತಪಾಸಣೆಯಿಂದ ಎರವಲು ಪಡೆದ ಈ ವಿಧಾನ ಶೇಕಡಾವಾರು ಹೇಳುವ ಗೋಜಿಗೆ ಹೋಗುವುದಿಲ್ಲ; ತಂಡವನ್ನು ಮತ್ತೆ ಕಳಿಸಬೇಕೇ ಬೇಡವೇ, ಅಷ್ಟನ್ನೇ ಹೇಳುತ್ತದೆ. ನನಗೆ ಇಷ್ಟವಾಗುವುದೂ ಅದಕ್ಕೇ.

ನೀವು ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ, ಏಕೆಂದರೆ ಅಭಿಯಾನದ ವರದಿಗಳು ಅದನ್ನು ಎತ್ತುವುದೇ ಅಪರೂಪ. ಲಸಿಕೆ ಪಡೆದವರಲ್ಲಿ ಇದೇ ಮೊದಲ ಡೋಸ್ ಎಷ್ಟು ಮಕ್ಕಳಿಗೆ? ದಡಾರದ ಲಸಿಕೆಯನ್ನೇ ನೋಡಿ: ಈಗಾಗಲೇ ಎರಡು ಡೋಸ್ ಆದವರಿಗೇ ಮೂರನೆಯದು ಸಿಕ್ಕಿದ್ದರೆ ಅಂಕಿ ಏರುತ್ತದೆ, ರಕ್ಷಣೆ ಅಷ್ಟಾಗಿ ಏರುವುದಿಲ್ಲ. ದಡಾರ ಹರಡದಂತೆ ತಡೆಯಲು ಸುಮಾರು ಶೇ. 95ರಷ್ಟು ಜನರಲ್ಲಿ ರೋಗನಿರೋಧಕ ಶಕ್ತಿ ಇರಬೇಕು. ಉಳಿದ ಶೇ. 5 ಒಂದೇ ಕಡೆ ಗುಂಪುಗೂಡಿದ್ದರೆ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ದಡಾರ ಏಳುತ್ತದೆ.

ರಕ್ತ ಪರೀಕ್ಷೆಯ ಮಾತು. ದಡಾರದ ಪ್ರತಿಕಾಯ (ರೋಗದ ವಿರುದ್ಧ ಹೋರಾಡಲು ದೇಹ ರಕ್ತದಲ್ಲಿ ತಯಾರಿಸುವ ವಸ್ತು) ಕಂಡುಬಂದರೆ ಅದು ಲಸಿಕೆಯಿಂದ ಬಂದಿದ್ದೋ ಕಾಯಿಲೆಯಿಂದ ಬಂದಿದ್ದೋ ಆ ಪರೀಕ್ಷೆ ಹೇಳುವುದಿಲ್ಲ. ಲಸಿಕೆ ಹಾಕಿಸಿಕೊಂಡೂ ಪ್ರತಿಕಾಯ ಮೂಡದ ಮಕ್ಕಳೂ ಇರುತ್ತಾರೆ. ಅಂದರೆ ಮಗುವಿಗೆ ರಕ್ಷಣೆ ಇದೆಯೇ ಎಂಬುದಕ್ಕೆ ಉತ್ತರ ಸಿಗುತ್ತದೆ, ಅಭಿಯಾನ ಅದನ್ನು ತಲುಪಿತೇ ಎಂಬುದಕ್ಕಲ್ಲ. ನಿಮ್ಮ ಸಲಹೆ ಚೆನ್ನಾಗಿ ಒಪ್ಪುವುದು ಧನುರ್ವಾಯುವಿಗೆ. ಆ ಕಾಯಿಲೆ ಬಂದು ವಾಸಿಯಾದರೂ ರೋಗನಿರೋಧಕ ಶಕ್ತಿ ಬರುವುದಿಲ್ಲ. ಹಾಗಾಗಿ ತಾಯಿಯಿಂದ ಬಂದ ಪ್ರತಿಕಾಯ ಕರಗುವ ವಯಸ್ಸು ದಾಟಿದ ಮಗುವಿನ ರಕ್ತದಲ್ಲಿ ಧನುರ್ವಾಯುವಿನ ಪ್ರತಿಕಾಯ ಸಿಕ್ಕಿತೆಂದರೆ, ಕಾರ್ಡ್ ಕಳೆದಿದ್ದರೂ ಲಸಿಕೆ ಆಗಿದೆ ಎಂದೇ ಲೆಕ್ಕ.