2023ರ ಮನೆಗಳವು ಕೇಸಿಗೂ 479 ಅನ್ವಯಿಸುತ್ತದೆ

2023ರ ಮನೆಗಳವು ಕೇಸಿನಲ್ಲಿ ವಿಚಾರಣೆ ಮುಗಿಯದೆ ಜೈಲಿನಲ್ಲಿರುವ ನಿಮ್ಮ ತಮ್ಮ ಯಾಕೆ ಬಿಡುಗಡೆಯಾಗಿಲ್ಲ ಎಂದು ಕೇಳಿದ್ದೀರಿ. ಹಳೇ ಕೇಸಿಗೆ ಹೊಸ ಕಾಯ್ದೆ ನಡೆಯದು ಎಂದು ಯಾರೋ ಹೇಳಿದ್ದರಿಂದಲೇ ಅದು ನಿಂತಿರಬೇಕು. ಹಾಗೆ ಹೇಳಿದ್ದು ತಪ್ಪು. ಹೊಸ ಕಾಯ್ದೆ ಜಾರಿಗೆ ಬಂದ 1 ಜುಲೈ 2024ಕ್ಕೂ ಮುಂಚಿನ ಕೇಸುಗಳಿಗೂ ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ) 479, ಅಂದರೆ ವಿಚಾರಣಾಧೀನ ಕೈದಿಗಳ ಬಿಡುಗಡೆಯ ಕಲಂ, ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ಹೇಳಿದೆ.

ಐಪಿಸಿ 380ಕ್ಕೆ (ಮನೆಗಳವು) ಗರಿಷ್ಠ ಶಿಕ್ಷೆ 7 ವರ್ಷ. ಹಿಂದೆ ಶಿಕ್ಷೆಯಾಗಿಲ್ಲದವರಿಗೆ ಅದರ ಮೂರನೇ ಒಂದು ಭಾಗ, 2 ವರ್ಷ 4 ತಿಂಗಳು, ಜೈಲಿನಲ್ಲಿ ಕಳೆದರೆ ಬಿಡುಗಡೆಗೆ ಸಾಕು. ನಿಮ್ಮ ತಮ್ಮ ಎರಡೂವರೆ ವರ್ಷದಿಂದ ಒಳಗಿದ್ದಾರೆ!

ಮೊದಲು ಚಾರ್ಜ್‌ಶೀಟ್ ನೋಡಿ. ಐಪಿಸಿ 457 (ರಾತ್ರಿ ಮನೆಗೆ ನುಗ್ಗುವುದು) ಕೂಡ ಹಾಕಿದ್ದರೆ, ಇಲ್ಲವೇ ಬೇರೆ ಕೇಸು ಬಾಕಿಯಿದ್ದರೆ, ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಕೇಸು ಇದ್ದವರಿಗೆ ಈ ಬಿಡುಗಡೆ ಇಲ್ಲವೆನ್ನುವ 479(2) ಅಡ್ಡ ಬರಬಹುದು; ಆಗ ಮಾಮೂಲಿ ಜಾಮೀನು ಅರ್ಜಿಯೇ ದಾರಿ. ಇಲ್ಲದಿದ್ದರೆ ಜೈಲು ಸೂಪರಿಂಟೆಂಡೆಂಟರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೋರ್ಟಿಗೆ ಬರೆಯುವುದು ಅವರದೇ ಕರ್ತವ್ಯ. ಅವರು ತಡಮಾಡಿದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆಮಾಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಿ.